ಕಂಪ್ಯೂಟರ್ ಕಷ್ಟ-ಸುಖ: ಡಿಫೆಂಡರ್ ಆಫ್ ಮಾಡಿದ್ದು ಯಾರು?

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆಂಟಿವೈರಸ್ ಬಗ್ಗೆಯೇ. ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ಸಿಗೆ ಮೈಕ್ರೋಸಾಫ್ಟ್ ಡಿಫೆಂಡರ್ ಅಂತ ಹೆಸರು. ಅದಕ್ಕೆ ಬೇರೆ ದುಡ್ಡಿಲ್ಲ, ಇನ್‌ಸ್ಟಾಲ್ ಮಾಡುವ ಕೆಲಸವೂ ಇಲ್ಲ. ಅದು ತಾನಾಗಿ ಮಲಗುವುದು ಅಪರೂಪ. ಆಫ್ ಆಗಿದೆ ಅಂದರೆ ಸಾಮಾನ್ಯವಾಗಿ ಯಾರೋ ಆಫ್ ಮಾಡಿರುತ್ತಾರೆ. ಸಾಗರದ ನಮ್ಮ ಅಂಗಡಿಗೆ ರಿಪೇರಿಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ನಾನು ಮೊದಲು ಹುಡುಕುವುದು ಆ ಯಾರೋ ಯಾರು ಅಂತ. ಅದು ಗೊತ್ತಾಗದೆ ಸುಮ್ನೆ ಬಟನ್ ಒತ್ತಿದರೆ, ನಾಳೆ ಮತ್ತೆ ಆಫ್ ಆಗಿ ಕೂತಿರುತ್ತದೆ.

ಪ್ರಶ್ನೆ: ಮೇಡಂ, ಮಗ ಕೊಡಿಸಿದ ಲ್ಯಾಪ್‌ಟಾಪಿನ ಜೊತೆ ಬಂದಿದ್ದ ಆಂಟಿವೈರಸ್ಸಿನ ಅವಧಿ ಮುಗಿದಿದೆ. ದಿನಾ ಬೆಳಿಗ್ಗೆ ಪೇಪರ್ ಓದಲು ತೆರೆದರೆ ‘ನೀವು ಅಪಾಯದಲ್ಲಿದ್ದೀರಿ’ ಅಂತ ಕೆಂಪು ಬಾಕ್ಸ್ ಬರುತ್ತದೆ. ಅಂಗಡಿಯವರು ರಿನ್ಯೂ ಮಾಡಿಸಿ ಅನ್ನುತ್ತಾರೆ. ಬೆಂಗಳೂರಿನ ಮಗ ‘ಅಪ್ಪಾ, ಡಿಫೆಂಡರ್ ಆನ್ ಮಾಡಿ ಸಾಕು’ ಅನ್ನುತ್ತಾನೆ. ಯಾರ ಮಾತು ಕೇಳಲಿ? ಆನ್ ಮಾಡುವುದು ಹೇಗೆ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮೇಷ್ಟ್ರೇ, ಮಗನ ಮಾತು ಕೇಳಿ. ಆದರೆ ಅವನು ಹೇಳಿದಷ್ಟು ಸಲೀಸಾಗಿ ಆನ್ ಆಗುವುದಿಲ್ಲ. ಅವಧಿ ಮುಗಿದ ಆ ಹಳೆಯ ಆಂಟಿವೈರಸ್ ಇನ್ನೂ ಒಳಗೇ ಕೂತಿದೆಯಲ್ಲ, ತೊಡಕು ಅಲ್ಲೇ ಇದೆ.

ವಿಂಡೋಸಿಗೆ ಒಂದು ನಿಯಮವಿದೆ. ಬೇರೆ ಕಂಪನಿಯ ಆಂಟಿವೈರಸ್ ಬಂದು ‘ಇನ್ನು ನಾನು ನೋಡಿಕೊಳ್ಳುತ್ತೇನೆ’ ಅಂತ ಹೆಸರು ಬರೆಸಿದರೆ ಡಿಫೆಂಡರ್ ಬದಿಗೆ ಸರಿಯುತ್ತದೆ. ಎರಡೂ ಒಂದೇ ಫೈಲನ್ನು ಹಿಡಿದು ಜಗ್ಗಾಡಬಾರದು ಅಂತ ಈ ಏರ್ಪಾಡು. ಲೈಸೆನ್ಸ್ ಮುಗಿದ ಮೇಲೂ ಕೆಲವು ಪ್ರೋಗ್ರಾಂಗಳು ಆ ಜಾಗ ಬಿಟ್ಟು ಏಳುವುದಿಲ್ಲ. ಹೊಸ ವೈರಸ್ಸುಗಳ ಪಟ್ಟಿ ಅದಕ್ಕೆ ಬರುತ್ತಿರುವುದಿಲ್ಲ, ‘ದುಡ್ಡು ಕಟ್ಟಿ’ ಅನ್ನುವುದೊಂದನ್ನು ಮಾತ್ರ ತಪ್ಪದೆ ಮಾಡುತ್ತದೆ.

ಈಗ ಲ್ಯಾಪ್‌ಟಾಪ್ ಮುಂದೆ ಕೂತು ಇದನ್ನು ಓದಿ. ನಿಮ್ಮದು ವಿಂಡೋಸ್ 11 ಅಂದುಕೊಂಡು ಹೇಳುತ್ತೇನೆ. ಸ್ಟಾರ್ಟ್ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಎಡಗಡೆ ಪ್ರೈವಸಿ ಆಂಡ್ ಸೆಕ್ಯುರಿಟಿ, ಅದರೊಳಗೆ ವಿಂಡೋಸ್ ಸೆಕ್ಯುರಿಟಿ, ಅದರೊಳಗೆ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್. ವಿಂಡೋಸ್ 10 ಆದರೆ ಅಪ್‌ಡೇಟ್ ಆಂಡ್ ಸೆಕ್ಯುರಿಟಿ ಮೂಲಕ ಹೋಗಬೇಕು, ಮುಂದಿನದು ಅದೇ. ಆ ಪುಟದ ಮೇಲ್ಗಡೆ ಹಳೆಯ ಆಂಟಿವೈರಸ್ಸಿನ ಹೆಸರು ಕಂಡರೆ, ನಿಮ್ಮ ಮನೆಯ ‘ಯಾರೋ’ ಸಿಕ್ಕಿಬಿದ್ದ.

ಅವನನ್ನು ಕಳಿಸುವ ದಾರಿ: ಸೆಟ್ಟಿಂಗ್ಸ್, ಆಪ್ಸ್, ಇನ್‌ಸ್ಟಾಲ್ಡ್ ಆಪ್ಸ್. ಪಟ್ಟಿಯಲ್ಲಿ ಆ ಹೆಸರು ಹುಡುಕಿ, ಪಕ್ಕದ ಮೂರು ಚುಕ್ಕಿ ಒತ್ತಿ, ಅನ್‌ಇನ್‌ಸ್ಟಾಲ್ ಮಾಡಿ. ‘ಹೋಗಲೇಬೇಕಾ? ಅರ್ಧ ಬೆಲೆಗೆ ಕೊಡುತ್ತೇವೆ’ ಅಂತ ಕೇಳಬಹುದು. ಕರಗಬೇಡಿ. ಅದೇ ಕಂಪನಿಯ ಹೆಸರಿನಲ್ಲಿ ಬ್ರೌಸರ್‌ಗೋ ವಿಪಿಎನ್‌ಗೋ ಇನ್ನೊಂದು ಪ್ರೋಗ್ರಾಂ ಇದ್ದರೆ ಅದನ್ನೂ ತೆಗೆಯಿರಿ. ಹಾಗೂ ಹೋಗದೆ ಹಟ ಮಾಡಿದರೆ, ಪೂರ್ತಿ ಕಿತ್ತುಹಾಕುವ ಪುಟ್ಟ ರಿಮೂವಲ್ ಟೂಲ್ ಹೆಚ್ಚಿನ ಕಂಪನಿಗಳ ಸ್ವಂತ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ.

ಆಮೇಲೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಬೇಗ ಶುರುವಾಗಲಿ ಅಂತ ಫಾಸ್ಟ್ ಸ್ಟಾರ್ಟಪ್ ಅನ್ನುವ ಸೌಲಭ್ಯ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಆನ್ ಇರುತ್ತದೆ. ಅದಿದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿ ಹೊಸದಾಗಿ ಏಳುವುದಿಲ್ಲ.

ಮತ್ತೆ ಅದೇ ಪುಟಕ್ಕೆ ಬನ್ನಿ. ಈಗ ಡಿಫೆಂಡರ್ ತಾನೇ ಎದ್ದಿರಬೇಕು. ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿದರೆ ಸಾಲಾಗಿ ಸ್ವಿಚ್‌ಗಳು ಕಾಣುತ್ತವೆ. ಮೊದಲನೆಯದು ರಿಯಲ್-ಟೈಮ್ ಪ್ರೊಟೆಕ್ಷನ್, ಫೈಲ್ ತೆರೆಯುವ ಹೊತ್ತಿಗೇ ನೋಡುವುದು ಇದು. ಕ್ಲೌಡ್-ಡೆಲಿವರ್ಡ್ ಪ್ರೊಟೆಕ್ಷನ್ ಅನ್ನುವುದು ಅನುಮಾನ ಬಂದ ಫೈಲಿನ ಬಗ್ಗೆ ಮೈಕ್ರೋಸಾಫ್ಟ್ ಸರ್ವರನ್ನು ಕೇಳುತ್ತದೆ. ಟ್ಯಾಂಪರ್ ಪ್ರೊಟೆಕ್ಷನ್ ಅಂತ ಇನ್ನೊಂದಿದೆ. ಬೇರೆ ಪ್ರೋಗ್ರಾಂ ಹಿಂಬಾಗಿಲಿನಿಂದ ಬಂದು ಡಿಫೆಂಡರ್ ಆಫ್ ಮಾಡದ ಹಾಗೆ ತಡೆಯುವುದು ಅದರ ಕೆಲಸ, 2019ರಿಂದ ಬಂದಿದೆ. ಮೂರೂ ಆನ್ ಇರಲಿ. ಹಿಂದೆ ಬಂದು ಪ್ರೊಟೆಕ್ಷನ್ ಅಪ್‌ಡೇಟ್ಸ್ ಅನ್ನುವಲ್ಲಿ ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿ, ಆಮೇಲೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಒಂದು ಫುಲ್ ಸ್ಕ್ಯಾನ್ ಹಾಕಿ. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಚಾರ್ಜರ್ ಹಾಕಿ ಊಟ ಮುಗಿಸಿ ಒಂದು ನಿದ್ದೆ ತೆಗೆದು ಬನ್ನಿ.

ಪುಕ್ಕಟೆಯದು ಸಾಕಾ ಅನ್ನುವ ಅನುಮಾನ ನಿಮ್ಮ ಅಂಗಡಿಯವರಿಗೆ ಮಾತ್ರ ಅಲ್ಲ, ತುಂಬ ಜನಕ್ಕಿದೆ. ಅದಕ್ಕೆ ಕಾರಣವೂ ಇದೆ. ವಿಸ್ಟಾ, ವಿಂಡೋಸ್ 7 ಕಾಲದಲ್ಲಿ ಡಿಫೆಂಡರ್ ಅಂದರೆ ಬೇಹುಗಾರಿಕೆ ಪ್ರೋಗ್ರಾಂಗಳನ್ನಷ್ಟೇ ಹಿಡಿಯುವ ಅರೆಬರೆ ಸಾಮಾನು. ಪೂರ್ತಿ ಆಂಟಿವೈರಸ್ ಆಗಿ ಬಂದಿದ್ದು 2012ರಲ್ಲಿ, ವಿಂಡೋಸ್ 8ರ ಜೊತೆ. ಆಗಿನ ಕೆಟ್ಟ ಹೆಸರು ಈಗಲೂ ಅಂಟಿಕೊಂಡಿದೆ. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಎವಿ-ಟೆಸ್ಟ್ ಅಂತ ಒಂದು ಸಂಸ್ಥೆ ಇದೆ, ಆಂಟಿವೈರಸ್‌ಗಳನ್ನು ಪರೀಕ್ಷೆಗೆ ಕೂರಿಸುವುದೇ ಅವರ ಕೆಲಸ. ಇತ್ತೀಚಿನ ವರ್ಷಗಳಲ್ಲಿ ಅವರ ಪಟ್ಟಿಯಲ್ಲಿ ಡಿಫೆಂಡರ್ ದುಡ್ಡಿನ ಆಂಟಿವೈರಸ್‌ಗಳ ಸಾಲಿನಲ್ಲೇ ಮೇಲೆ ನಿಲ್ಲುತ್ತಿದೆ. ದುಡ್ಡು ಕೊಟ್ಟು ಕೊಳ್ಳುವುದು ಮೋಸ ಅಂತ ನಾನು ಹೇಳುವುದಿಲ್ಲ. ಹತ್ತಾರು ಕಂಪ್ಯೂಟರ್ ಇರುವ ಆಫೀಸಿಗೆ ಅದರಿಂದ ಅನುಕೂಲವಿದೆ. ಪೇಪರ್ ಓದಿ, ಮೊಮ್ಮಕ್ಕಳ ಫೋಟೋ ನೋಡಿ, ಪೆನ್ಶನ್ ಬಂತಾ ಅಂತ ನೋಡುವ ನಿಮಗೆ ಬೇಕಾಗಿಲ್ಲ.

ಒಂದು ಮಾತು ಮರೆತಿದ್ದೆ. ಹಿಂದೆ ಯಾವಾಗಲಾದರೂ ಆ ಕಂಪನಿಗೆ ಕಾರ್ಡ್ ನಂಬರ್ ಕೊಟ್ಟಿದ್ದರೆ, ಅವರ ವೆಬ್‌ಸೈಟಿಗೆ ಹೋಗಿ ಆಟೋ-ರಿನ್ಯೂವಲ್ ರದ್ದು ಮಾಡಿ. ಪ್ರೋಗ್ರಾಂ ತೆಗೆದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಪ್ರಶ್ನೆ: ಅಕ್ಕ, ಡಿಫೆಂಡರ್ ಆನ್ ಮಾಡಲು ಹೋದರೆ ಸ್ವಿಚ್ ಬೂದಿ ಬಣ್ಣದಲ್ಲಿದೆ, ಅಲ್ಲಾಡುವುದೇ ಇಲ್ಲ. ‘ಇದನ್ನು ನಿಮ್ಮ ಅಡ್ಮಿನಿಸ್ಟ್ರೇಟರ್ ನಿರ್ವಹಿಸುತ್ತಿದ್ದಾರೆ’ ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ಇದು ಆಫೀಸಿನ ಕಂಪ್ಯೂಟರ್ ಅಲ್ಲ. ಮನೆಯಲ್ಲಿ ನಾನು, ಯಜಮಾನರು, ಹೈಸ್ಕೂಲಿಗೆ ಹೋಗುವ ಮಗಳು ಅಷ್ಟೇ. ಈ ಅಡ್ಮಿನಿಸ್ಟ್ರೇಟರ್ ಯಾರು?
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದಿರಿ. ಉತ್ತರ ಹೇಳುವ ಮೊದಲು ನನ್ನದೂ ಒಂದು ಪ್ರಶ್ನೆ. ಈ ಕಂಪ್ಯೂಟರಿಗೆ ಯಾರಾದರೂ ‘ವಿಂಡೋಸ್ ಹೊಡೆದು’ ಕೊಟ್ಟಿದ್ದಾರಾ?

ನೀವೇ ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್. ಡಿಜಿಟಲ್ ಲೈಸೆನ್ಸ್‌ನಿಂದ ಆಕ್ಟಿವೇಟ್ ಆಗಿದೆ ಅಂತಿದ್ದರೆ ಒಳ್ಳೆಯ ಲಕ್ಷಣ. ‘ಯುವರ್ ಆರ್ಗನೈಸೇಷನ್ಸ್ ಆಕ್ಟಿವೇಷನ್ ಸರ್ವಿಸ್’ ಅಂತಿದ್ದರೆ ಗಾಬರಿಯಾಗಬೇಕಾದ ವಿಷಯ. ದೊಡ್ಡ ಕಂಪನಿಗಳಲ್ಲಿ ನೂರಾರು ಕಂಪ್ಯೂಟರುಗಳನ್ನು ಒಂದೇ ಸರ್ವರಿನಿಂದ ಆಕ್ಟಿವೇಟ್ ಮಾಡುವ ಏರ್ಪಾಡು ಅದು. ಮೂರು ಜನರ ಮನೆಯಲ್ಲಿ ಆ ಆರ್ಗನೈಸೇಷನ್ ಎಲ್ಲಿಂದ ಬರಬೇಕು? ಲೈಸೆನ್ಸ್ ಇಲ್ಲದೆ ವಿಂಡೋಸ್ ಓಡಿಸುವ ಕಳ್ಳ ಉಪಾಯಕ್ಕೆ ಕ್ರ್ಯಾಕ್ ಅನ್ನುತ್ತಾರೆ. ಅದನ್ನು ಹಾಕುವ ಸಣ್ಣ ಪ್ರೋಗ್ರಾಂ ಅಂಥ ಒಂದು ಸುಳ್ಳು ಸರ್ವರನ್ನು ತೋರಿಸಿ ವಿಂಡೋಸನ್ನು ನಂಬಿಸುತ್ತದೆ.

ಆ ಪ್ರೋಗ್ರಾಂ ಓಡಬೇಕಾದರೆ ಡಿಫೆಂಡರ್ ಮಲಗಿರಬೇಕು. ಹಾಗಾಗಿ ಕ್ರ್ಯಾಕ್ ಹಾಕುವವರು ಮೊದಲು ಅದನ್ನು ಆಫ್ ಮಾಡುತ್ತಾರೆ. ಮತ್ತೆ ಏಳಬಾರದು ಅಂತ ಪಾಲಿಸಿ ಅನ್ನುವ ಜಾಗದಲ್ಲಿ ಒಂದು ಆಜ್ಞೆ ಬರೆದಿಡುತ್ತಾರೆ. ನಿಮಗೆ ಕಾಣುತ್ತಿರುವ ಅಡ್ಮಿನಿಸ್ಟ್ರೇಟರ್ ಆ ಆಜ್ಞೆ. ಕೆಲವು ವೈರಸ್ಸುಗಳೂ ಇದೇ ಕೆಲಸ ಮಾಡುತ್ತವೆ.

ಇನ್ನೊಂದು ಜಾಗವನ್ನೂ ತಪ್ಪದೆ ನೋಡಿ. ಮ್ಯಾನೇಜ್ ಸೆಟ್ಟಿಂಗ್ಸ್ ಪುಟದ ತೀರ ಕೆಳಗೆ ಎಕ್ಸ್‌ಕ್ಲೂಷನ್ಸ್ ಅಂತಿದೆ. ಇಂಥಿಂಥ ಫೋಲ್ಡರನ್ನು ನೋಡಬೇಡ ಅಂತ ಡಿಫೆಂಡರಿಗೆ ಹೇಳುವ ಪಟ್ಟಿ. ಮನೆ ಕಂಪ್ಯೂಟರಿನಲ್ಲಿ ಅದು ಖಾಲಿ ಇರಬೇಕು. ಇಂಥ ಲ್ಯಾಪ್‌ಟಾಪ್ ನಮ್ಮ ಅಂಗಡಿಗೆ ಬಂದಾಗ ಅಲ್ಲಿ ಒಂದೇ ಒಂದು ಸಾಲು ಇರುವುದನ್ನು ಕಾಣುತ್ತೇನೆ: ಸಿ ಡ್ರೈವ್. ಅಂದರೆ ಪೂರ್ತಿ ವಿಂಡೋಸ್, ಎಲ್ಲ ಪ್ರೋಗ್ರಾಂ, ನಿಮ್ಮ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲವೂ ಲೆಕ್ಕದಿಂದ ಹೊರಗೆ. ಸ್ವಿಚ್ ಆನ್, ಹಸಿರು ಟಿಕ್ ಹಾಜರು, ಆದರೆ ನೋಡುತ್ತಿರುವುದು ಏನೂ ಇಲ್ಲ! ಆಫ್ ಆಗಿರುವ ಡಿಫೆಂಡರಿಗಿಂತ ನನಗೆ ಇದರ ಭಯ ಜಾಸ್ತಿ. ಆಫ್ ಆಗಿದ್ದರೆ ಕೆಂಪು ಗುರುತಾದರೂ ಕಾಣುತ್ತದೆ.

ಆ ಆಜ್ಞೆಯನ್ನು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ಜಾಗದಲ್ಲಿ, ಹುಡುಕಿ ಅಳಿಸಬಹುದು. ಆದರೆ ನಿಮ್ಮ ಕೈಯಲ್ಲಿ ಅದನ್ನು ಮಾಡಿಸಲು ನನಗೆ ಇಷ್ಟವಿಲ್ಲ. ಕಷ್ಟ ಅಂತಲ್ಲ. ಕ್ರ್ಯಾಕ್ ಜೊತೆ ಇನ್ನೇನು ಒಳಗೆ ಬಂದು ಕೂತಿದೆ ಅಂತ ಹೊರಗಿನಿಂದ ಯಾರೂ ಹೇಳಲಾರರು. ಫೋಟೋ, ಮಗಳ ನೋಟ್ಸ್, ಅಡಿಕೆ ಲೆಕ್ಕ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಕೊಂಡು, ವಿಂಡೋಸನ್ನು ಹೊಸದಾಗಿ ಹಾಕಿಸಿ. ಕಾಪಿ ಮಾಡುವಾಗ ಡಾಕ್ಯುಮೆಂಟು, ಫೋಟೋ ಸಾಕು. ಪ್ರೋಗ್ರಾಂಗಳ ಸೆಟಪ್ ಫೈಲ್ ಬೇಡ.

‘ಅಸಲಿ ವಿಂಡೋಸಿಗೆ ಸಾವಿರಗಟ್ಟಲೆ ಆಗುತ್ತದೆ’ ಅಂತ ಯಜಮಾನರು ಅನ್ನಬಹುದು. ಸ್ವಲ್ಪ ತಾಳಿ. ನಿಮ್ಮದು ಲ್ಯಾಪ್‌ಟಾಪ್ ಆಗಿದ್ದು, ಕೊಳ್ಳುವಾಗಲೇ ವಿಂಡೋಸ್ ಹಾಕಿದ್ದು ಬಂದಿದ್ದರೆ, ನೀವು ಆ ದುಡ್ಡು ಆಗಲೇ ಕೊಟ್ಟಾಗಿದೆ. ವಿಂಡೋಸ್ 8 ಬಂದಾಗಿನಿಂದ ಕಂಪನಿಗಳು ಲೈಸೆನ್ಸ್ ಕೀಯನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದು ಕಳಿಸುತ್ತವೆ. ಹಾರ್ಡ್‌ಡಿಸ್ಕ್ ಬದಲಿಸಿದರೂ ಅದು ಅಲ್ಲೇ ಇರುತ್ತದೆ. ಸಾಮಾನ್ಯವಾಗಿ ಆಗುವುದೇನು ಗೊತ್ತಾ? ಕಂಪ್ಯೂಟರ್ ನಿಧಾನ ಅಂತ ರಿಪೇರಿಗೆ ಕೊಡುತ್ತೀರಿ. ಹುಡುಗ ತನ್ನ ಪೆನ್‌ಡ್ರೈವಿನಲ್ಲಿದ್ದ ಪ್ರೊ ಆವೃತ್ತಿ ಹಾಕುತ್ತಾನೆ. ನಿಮ್ಮ ಲೈಸೆನ್ಸ್ ಇರುವುದು ಹೋಮ್ ಆವೃತ್ತಿಗೆ. ಹೊಂದುವುದಿಲ್ಲ, ಅದಕ್ಕೆ ಕ್ರ್ಯಾಕ್ ಹಾಕುತ್ತಾನೆ. ಅಸಲಿ ಇಟ್ಟುಕೊಂಡು ನಕಲಿ ಓಡಿಸುತ್ತಿರುವ ಮನೆಗಳು ಮಲೆನಾಡಿನಲ್ಲಿ ಎಷ್ಟಿವೆಯೋ!

ಹಾಗಾಗಿ ಕೊಡುವಾಗ ಬಾಯಿಬಿಟ್ಟು ಹೇಳಿ: ‘ಮೈಕ್ರೋಸಾಫ್ಟ್ ವೆಬ್‌ಸೈಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದ ಹೋಮ್ ಆವೃತ್ತಿ ಹಾಕಿ, ಕ್ರ್ಯಾಕ್ ಬೇಡ’. ಆ ಟೂಲ್ ಪುಕ್ಕಟೆ, 8 ಜಿಬಿ ಪೆನ್‌ಡ್ರೈವ್ ಸಾಕು. ನೆಟ್ ಸಿಕ್ಕ ಕೂಡಲೇ ವಿಂಡೋಸ್ ಸಾಮಾನ್ಯವಾಗಿ ತಾನೇ ಆಕ್ಟಿವೇಟ್ ಆಗುತ್ತದೆ, ಡಿಫೆಂಡರ್ ಕೂಡ ಆನ್ ಆಗಿಯೇ ಬರುತ್ತದೆ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಆದರೆ ಈ ಅದೃಷ್ಟ ಇರುವುದಿಲ್ಲ. ಆಗ ಲೈಸೆನ್ಸ್ ಕೊಳ್ಳಬೇಕು, ಇಲ್ಲವೇ ವಿಂಡೋಸಿನ ಬದಲು ಓಡುವ ಪುಕ್ಕಟೆಯ ಉಬುಂಟು ಹಾಕಿಸಬೇಕು.

ಅಲ್ಲಿಯವರೆಗೆ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಬೇಡ. ಇಮೇಲ್, ಬ್ಯಾಂಕ್ ಪಾಸ್‌ವರ್ಡುಗಳನ್ನು ಫೋನಿನಿಂದ ಬದಲಿಸಿಬಿಡಿ.

ಪ್ರಶ್ನೆ: ಮೇಡಂ, ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟಿದ್ದೆ. ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ರಿಪೋರ್ಟ್ ಹೋಯಿತಾ? ಸೋಮವಾರ ಸಬ್‌ಮಿಟ್ ಮಾಡಬೇಕು.
— ಬಿ.ಕಾಂ. ವಿದ್ಯಾರ್ಥಿ, ಹಾವೇರಿ

ಉತ್ತರ: ಹೋಗಿಲ್ಲ ಮಾರಾಯ, ಅಲ್ಲೇ ಇದೆ. ಆ ಶಾರ್ಟ್‌ಕಟ್‌ಗಳನ್ನು ಮಾತ್ರ ಡಬಲ್ ಕ್ಲಿಕ್ ಮಾಡಬೇಡ. ನಿನ್ನ ಅಸಲಿ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಇಡುವುದು ಈ ವೈರಸ್ಸಿನ ಕಸುಬು. ನೀನು ಕ್ಲಿಕ್ ಮಾಡಿದರೆ ವೈರಸ್ಸೂ ಓಡುತ್ತದೆ, ಫೋಲ್ಡರೂ ತೆರೆಯುತ್ತದೆ. ಫೋಲ್ಡರ್ ತೆರೆಯುತ್ತದಲ್ಲ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲು ಡಿಫೆಂಡರ್ ಆನ್ ಇದೆಯಾ ನೋಡು. ಆಮೇಲೆ ದಿಸ್ ಪಿಸಿಯಲ್ಲಿ ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್’ ಒತ್ತು. ವಿಂಡೋಸ್ 11ರಲ್ಲಿ ಕಾಣದಿದ್ದರೆ ಶೋ ಮೋರ್ ಆಪ್ಷನ್ಸ್ ಒಳಗಿರುತ್ತದೆ. ಕ್ವಿಕ್ ಸ್ಕ್ಯಾನ್ ಪೆನ್‌ಡ್ರೈವಿನ ಮೂಲೆಮೂಲೆ ನೋಡುವುದಿಲ್ಲ, ಅದಕ್ಕೇ ಹೀಗೆ ಬೇರೆಯಾಗಿ ಹೇಳಬೇಕು. ಸಿಕ್ಕಿದ್ದನ್ನು ರಿಮೂವ್ ಮಾಡು.

ಈಗ ಫೋಲ್ಡರ್ ಹೊರಗೆ ತರೋಣ. ಫೈಲ್ ಎಕ್ಸ್‌ಪ್ಲೋರರಿನ ಮೇಲಿನ ಮೂರು ಚುಕ್ಕಿ ಒತ್ತಿ ಆಪ್ಷನ್ಸ್, ವ್ಯೂ. ಅಲ್ಲಿ ಹಿಡನ್ ಫೈಲ್ಸ್ ತೋರಿಸು ಅನ್ನುವುದನ್ನು ಆರಿಸು. ಅಷ್ಟೇ ಸಾಲದು. ಸ್ವಲ್ಪ ಕೆಳಗೆ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಅಂತಿದೆ, ಆ ಟಿಕ್ ತೆಗೆ. ಎಚ್ಚರಿಕೆ ಕೊಡುತ್ತದೆ, ಯೆಸ್ ಅನ್ನು. ಈಗ ಪೆನ್‌ಡ್ರೈವ್ ತೆರೆದರೆ ನಿನ್ನ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಕೆಲವೊಮ್ಮೆ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ಎಲ್ಲವನ್ನೂ ತುರುಕಿಟ್ಟಿರುತ್ತದೆ. ಒಳಗೆ ಹೋಗಿ ರಿಪೋರ್ಟನ್ನು ಮಾತ್ರ ಕಂಪ್ಯೂಟರಿಗೆ ಕಾಪಿ ಮಾಡಿಕೋ. ಆಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಆ ಟಿಕ್ ಮತ್ತೆ ಹಾಕು. ಈಗಾಗಲೇ ಶಾರ್ಟ್‌ಕಟ್ ಕ್ಲಿಕ್ ಮಾಡಿಬಿಟ್ಟಿದ್ದರೆ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿರುವ ಆಫ್‌ಲೈನ್ ಸ್ಕ್ಯಾನ್ ಹಾಕು. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ.

ಜೆರಾಕ್ಸ್ ಅಂಗಡಿಯವರನ್ನು ಬೈಯಬೇಡ. ದಿನಕ್ಕೆ ಎಷ್ಟೋ ಜನರ ಪೆನ್‌ಡ್ರೈವ್ ಬರುತ್ತವೆ, ಯಾರದ್ದು ಯಾರಿಗೆ ಅಂಟಿತೋ ಹೇಳಲಾಗುವುದಿಲ್ಲ. ಮುಂದಿನ ಸಲ ಪಿಡಿಎಫ್ ಮಾಡಿ ಅವರ ಇಮೇಲಿಗೆ ಕಳಿಸು.

ಪ್ರಶ್ನೆ: ನಮ್ಮ ಕಂಪ್ಯೂಟರ್ ತುಂಬ ಸ್ಲೋ. ಟಾಸ್ಕ್ ಮ್ಯಾನೇಜರ್ ನೋಡಿದರೆ ‘ಆಂಟಿಮಾಲ್ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಅನ್ನುವುದು ಮೇಲೆ ಕೂತಿರುತ್ತದೆ. ಇದೇ ವೈರಸ್ಸಾ? ಗೆಳೆಯ ಇದನ್ನು ಪರ್ಮನೆಂಟಾಗಿ ಆಫ್ ಮಾಡುವ ವಿಡಿಯೋ ಕಳಿಸಿದ್ದಾನೆ.
— ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ಅದು ವೈರಸ್ ಅಲ್ಲ, ಡಿಫೆಂಡರ್ರೇ. ವಿಡಿಯೋ ಅಳಿಸಿ.

ಕಂಪ್ಯೂಟರ್ ಸುಮ್ನೆ ಇದ್ದಾಗ ಸ್ಕ್ಯಾನ್ ಮಾಡಲು ಡಿಫೆಂಡರ್ ನೋಡುತ್ತದೆ. ನೀವು ಬೆಳಿಗ್ಗೆ ಬಂದು ಬಿಲ್ ಹಾಕಲು ಆನ್ ಮಾಡಿ, ಬಿಲ್ ಆದ ಕೂಡಲೇ ಮುಚ್ಚಿದರೆ ಅದಕ್ಕೆ ಬಿಡುವು ಸಿಗುವುದೇ ಇಲ್ಲ. ಬಾಕಿ ಕೆಲಸ ನಿಮ್ಮ ಬಿಲ್ಲಿನ ಹೊತ್ತಿಗೇ ಬಂದು ಬೀಳುತ್ತದೆ. ವಾರಕ್ಕೊಮ್ಮೆಯಾದರೂ ಮಧ್ಯಾಹ್ನ ಊಟಕ್ಕೆ ಹೋಗುವಾಗ ಆನ್ ಇಟ್ಟು ಹೋಗಿ. ಎರಡು ಆಂಟಿವೈರಸ್ ಇಲ್ಲ ತಾನೇ, ಅದನ್ನೂ ನೋಡಿ. ಇದರ ಮೇಲೂ ಸ್ಲೋ ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇರಬೇಕು. ಅದರ ಬದಲು ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ, ಬೇರೆಯದೇ ಕಂಪ್ಯೂಟರ್ ಅನ್ನಿಸುತ್ತದೆ.

ಪ್ರಶ್ನೆ: ಅಡುಗೆ ವಿಡಿಯೋ ಹುಡುಕುತ್ತಿದ್ದಾಗ ಸ್ಕ್ರೀನ್ ತುಂಬ ಡಿಫೆಂಡರ್ ಹೆಸರು ಬಂತು. ಹೆಣ್ಣಿನ ದನಿಯಲ್ಲಿ ‘ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಒಂದೇ ಸಮನೆ ಕೂಗತೊಡಗಿತು. ಹೆದರಿ ಪ್ಲಗ್ ಕಿತ್ತೆ. ಈಗ ಆನ್ ಮಾಡಲು ಧೈರ್ಯವಿಲ್ಲ.
— ಹಿರಿಯ ನಾಗರಿಕರು, ಮಂಗಳೂರು

ಉತ್ತರ: ಅಮ್ಮಾ, ಫೋನ್ ಮಾಡಲಿಲ್ಲವಲ್ಲ, ಗೆದ್ದಿರಿ. ಧೈರ್ಯವಾಗಿ ಆನ್ ಮಾಡಿ. ಅದು ವೈರಸ್ ಅಲ್ಲ, ಬರೀ ಒಂದು ವೆಬ್ ಪುಟ. ಡಿಫೆಂಡರ್ ಯಾವತ್ತೂ ಫೋನ್ ನಂಬರ್ ಕೊಡುವುದಿಲ್ಲ, ಕೂಗುವುದೂ ಇಲ್ಲ. ಏನಾದರೂ ಸಿಕ್ಕಿದರೆ ಬಲಗಡೆ ಕೆಳಗೆ ಒಂದು ಸಣ್ಣ ಚೀಟಿ ತೋರಿಸಿ ಸುಮ್ಮನಾಗುತ್ತದೆ.

ಮತ್ತೆ ಬಂದರೆ ಎಸ್ಕೇಪ್ ಕೀಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ, ಫುಲ್ ಸ್ಕ್ರೀನ್ ಬಿಟ್ಟುಕೊಡುತ್ತದೆ. ಆಮೇಲೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿದರೆ ಬ್ರೌಸರ್ ಮುಚ್ಚುತ್ತದೆ. ಮತ್ತೆ ತೆರೆದಾಗ ‘ರಿಸ್ಟೋರ್ ಮಾಡಲಾ’ ಅಂದರೆ ಬೇಡ ಅನ್ನಿ. ಬ್ರೌಸರ್ ಮುಚ್ಚಿದ ಮೇಲೂ ಮೂಲೆಯಲ್ಲಿ ಹೆದರಿಸುವ ಚೀಟಿಗಳು ಬರುತ್ತಿದ್ದರೆ, ಯಾವುದೋ ವೆಬ್‌ಸೈಟಿಗೆ ನೋಟಿಫಿಕೇಷನ್ ‘ಅಲೋ’ ಕೊಟ್ಟುಬಿಟ್ಟಿದ್ದೀರಿ ಅಂತ ಅರ್ಥ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ ಗೊತ್ತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ.

ನಿಮ್ಮ ಗೆಳತಿಯರಿಗೂ ಹೇಳಿಡಿ. ಆ ನಂಬರಿಗೆ ಫೋನ್ ಮಾಡಿದರೆ ನಯವಾಗಿ ಮಾತಾಡಿ, ದೂರದಿಂದ ಕಂಪ್ಯೂಟರ್ ನೋಡುವ ಆಪ್ ಹಾಕಿಸುತ್ತಾರೆ. ಹಾಕಿಯಾಗಿದ್ದರೆ ಮೊದಲು ನೆಟ್ ಕಡಿಯಿರಿ, ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆಂದೇ ಕೇಂದ್ರ ಸರ್ಕಾರ ಇಟ್ಟಿರುವ ಸಹಾಯವಾಣಿ ಅದು. ಎಷ್ಟು ಬೇಗ ಹೇಳಿದರೆ ದುಡ್ಡು ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ.

ಪ್ರಶ್ನೆ: ನನ್ನ ಹಳೆಯ ಡೆಸ್ಕ್‌ಟಾಪಿಗೆ ವಿಂಡೋಸ್ 11 ಬರುವುದಿಲ್ಲವಂತೆ. ವಿಂಡೋಸ್ 10 ಅನ್ನೇ ಇಟ್ಟುಕೊಂಡು ಡಿಫೆಂಡರ್ ಆನ್ ಇಟ್ಟರೆ ನಡೆಯುತ್ತದಾ?
— ಓದುಗರು, ಡೊಂಬಿವಲಿ

ಉತ್ತರ: ಅರ್ಧ ನಡೆಯುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿಗೆ ವೈರಸ್ ಪಟ್ಟಿ ಮಾತ್ರ 2028ರ ಅಕ್ಟೋಬರ್‌ವರೆಗೂ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಆದರೆ ವಿಂಡೋಸಿನಲ್ಲೇ ಇರುವ ತೂತನ್ನು ಆ ಪಟ್ಟಿ ಮುಚ್ಚುವುದಿಲ್ಲ.

2017ರ ಮೇ ತಿಂಗಳಲ್ಲಿ, ಫೈಲುಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂದಿದ್ದು ನೆನಪಿದೆಯಾ? ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳೂ ಲಾಕ್ ಆಗಿದ್ದವು. ಅದು ನುಗ್ಗಿದ ತೂತನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ, ಅಪ್‌ಡೇಟ್ ಕೊಟ್ಟು ಮುಚ್ಚಿತ್ತು. ಪೆಟ್ಟು ತಿಂದವರು ಆ ಅಪ್‌ಡೇಟ್ ಹಾಕಿಕೊಳ್ಳದಿದ್ದವರು.

ವಿಂಡೋಸ್ 10 ಇಟ್ಟುಕೊಂಡವರಿಗೆ ಇಎಸ್‌ಯು ಅಂತ ಹೆಚ್ಚುವರಿ ಅಪ್‌ಡೇಟ್ ಯೋಜನೆ ಪ್ರಕಟವಾಗಿತ್ತು, ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಎನ್‌ರೋಲ್ ಅಂತ ಕಂಡರೆ ಸೇರಿಕೊಳ್ಳಿ. ಹೊಸ ಕಂಪ್ಯೂಟರಿಗೆ ದುಡ್ಡು ಜೋಡಿಸಿಕೊಳ್ಳಲು ಸಿಕ್ಕ ಸಮಯ ಅಂದುಕೊಳ್ಳಿ.

ಪ್ರಶ್ನೆ: ಆಪಲ್ ಮ್ಯಾಕ್‌ಬುಕ್ಕಿನಲ್ಲಿ ಆಂಟಿವೈರಸ್ ಎಲ್ಲಿ ಆನ್ ಮಾಡುವುದು?
— ಓದುಗರು, ಮೈಸೂರು

ಉತ್ತರ: ಎಲ್ಲೂ ಇಲ್ಲ. ಎಕ್ಸ್‌ಪ್ರೊಟೆಕ್ಟ್ ಅನ್ನುವುದು 2009ರಿಂದ ಒಳಗೇ ಇದೆ, ಸ್ವಿಚ್ ಕೊಟ್ಟಿಲ್ಲ. ಅಪ್‌ಡೇಟ್ ಬಂದಾಗ ಮುಂದೂಡದೆ ಹಾಕಿಕೊಳ್ಳಿ, ಅಷ್ಟೇ.

ಪ್ರಶ್ನೆ: ಕನ್ನಡ ಟೈಪಿಂಗ್ ತಂತ್ರಾಂಶ ಇನ್‌ಸ್ಟಾಲ್ ಮಾಡಲು ಹೋದರೆ ನೀಲಿ ಬಾಕ್ಸ್ ಬಂದು ತಡೆಯುತ್ತದೆ. ‘ರನ್ ಎನಿವೇ’ ಒತ್ತಬಹುದಾ? ಡಿಫೆಂಡರಿಗೆ ಕನ್ನಡ ಅಂದರೆ ಆಗುವುದಿಲ್ಲವಾ?
— ಡಿಟಿಪಿ ಮಾಡುವವರು, ಧಾರವಾಡ

ಉತ್ತರ: ಭಾಷೆಯ ಮೇಲೆ ಅದಕ್ಕೆ ದ್ವೇಷವಿಲ್ಲ! ಆ ನೀಲಿ ಬಾಕ್ಸ್ ವಿಂಡೋಸಿನ ಇನ್ನೊಬ್ಬ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್‌ನದು. ಹೆಚ್ಚು ಜನ ಡೌನ್‌ಲೋಡ್ ಮಾಡದ, ತಯಾರಕರ ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಂ ಅಂದರೆ ‘ಇವನನ್ನು ನಾನು ಕಂಡಿಲ್ಲ’ ಅನ್ನುತ್ತದೆ. ಕೆಟ್ಟವನು ಅಂತ ಹೇಳುತ್ತಿಲ್ಲ. ನಮ್ಮ ಕನ್ನಡದ ತಂತ್ರಾಂಶಗಳ ಬಳಕೆದಾರರು ಇಡೀ ಲೋಕದ ಲೆಕ್ಕದಲ್ಲಿ ಕಡಿಮೆ, ಅದಕ್ಕೆ ಹೀಗಾಗುತ್ತದೆ. ನಾನೂ ಡಿಟಿಪಿ ಮಾಡುವವಳು, ಮದುವೆ ಪತ್ರಿಕೆ ಸೀಸನ್ನಿನಲ್ಲಿ ಹೊಸ ಕಂಪ್ಯೂಟರಿಗೆ ಇದೇ ರಗಳೆ.

ನೋಡಬೇಕಾದ್ದು ಫೈಲ್ ಎಲ್ಲಿಂದ ಬಂತು ಅಂತ. ನುಡಿಯನ್ನು ಕನ್ನಡ ಗಣಕ ಪರಿಷತ್ತಿನಿಂದ, ಬರಹವನ್ನು ಬರಹದ ಸ್ವಂತ ವೆಬ್‌ಸೈಟಿನಿಂದ ತಂದಿದ್ದರೆ ಮೋರ್ ಇನ್ಫೋ ಒತ್ತಿ ರನ್ ಎನಿವೇ ಕೊಡಬಹುದು. ಗೆಳೆಯರ ಪೆನ್‌ಡ್ರೈವಿನದು, ಟೆಲಿಗ್ರಾಂ ಗುಂಪಿನದು, ‘ಫುಲ್ ವರ್ಷನ್ ವಿತ್ ಕೀ’ ಅಂತ ಹೆಸರಿರುವುದು ಆದರೆ ಬೇಡವೇ ಬೇಡ. ಟೈಪಿಂಗ್ ತಂತ್ರಾಂಶ ನೀವು ಒತ್ತುವ ಪ್ರತಿ ಕೀಯನ್ನೂ ಕೇಳಿಸಿಕೊಳ್ಳುತ್ತದೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಮಾಡುವುದೂ ಅದನ್ನೇ. ಅನುಮಾನಕ್ಕೆ ಜಾಗ ಇರಬಾರದು.

ನೀಲಿ ಬಾಕ್ಸ್ ಅಲ್ಲದೆ ಡಿಫೆಂಡರೇ ಫೈಲ್ ಎತ್ತಿಟ್ಟಿದ್ದರೆ, ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಅದರ ಹೆಸರು ಮತ್ತು ಕಾರಣ ಇರುತ್ತದೆ. ಓದಿ ನೋಡಿ, ಫೈಲ್ ನಂಬಿಕೆಯ ಜಾಗದಿಂದಲೇ ಬಂದಿದ್ದರೆ ಮಾತ್ರ ರಿಸ್ಟೋರ್ ಮಾಡಿ. ಆ ಒಂದು ಫೈಲಿಗೋಸ್ಕರ ಡಿಫೆಂಡರ್ ಆಫ್ ಮಾಡಬೇಡಿ. ಬರೀ ಯೂನಿಕೋಡ್ ಸಾಕು ಅನ್ನುವವರಿಗೆ ವಿಂಡೋಸಿನಲ್ಲೇ ಕನ್ನಡ ಕೀಬೋರ್ಡ್ ಇದೆ, 2019ರಿಂದ ಫೊನೆಟಿಕ್ ಕೂಡ.

ಪ್ರಶ್ನೆ: ಡಿಫೆಂಡರ್ ಆನ್ ಅಂತ ತೋರಿಸುತ್ತದೆ. ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯುವುದು ಹೇಗೆ? ವೈರಸ್ ಬಿಟ್ಟು ನೋಡಲಾಗುವುದಿಲ್ಲವಲ್ಲ!
— ಓದುಗರು, ರಾಯಚೂರು

ಉತ್ತರ: ಬಿಟ್ಟು ನೋಡಬಹುದು. ಅದಕ್ಕೆಂದೇ ಒಂದು ನಿರಪಾಯದ ಫೈಲ್ ಇದೆ, ಹೆಸರು ಐಕಾರ್. ಯುರೋಪಿನ ಆಂಟಿವೈರಸ್ ಸಂಶೋಧಕರ ಸಂಸ್ಥೆಯೊಂದು ಮಾಡಿಟ್ಟಿದ್ದು. ಅದರಲ್ಲಿರುವುದು ಬರೀ 68 ಅಕ್ಷರಗಳ ಒಂದು ಸಾಲು, ಯಾರಿಗೂ ಏನೂ ಮಾಡುವುದಿಲ್ಲ. ಆದರೆ ಅದನ್ನು ಕಂಡರೆ ವೈರಸ್ ಕಂಡ ಹಾಗೆಯೇ ಹಿಡಿಯಬೇಕು ಅಂತ ಆಂಟಿವೈರಸ್ ಕಂಪನಿಗಳೆಲ್ಲ ಒಪ್ಪಿಕೊಂಡಿವೆ.

ಐಕಾರ್ ಸಂಸ್ಥೆಯ ಸ್ವಂತ ವೆಬ್‌ಸೈಟಿಗೆ ಹೋಗಿ ಆ ಟೆಸ್ಟ್ ಫೈಲ್ ಡೌನ್‌ಲೋಡ್ ಮಾಡಿ. ಡಿಫೆಂಡರ್ ಎಚ್ಚರವಾಗಿದ್ದರೆ ಇಳಿಯುವ ಮೊದಲೇ, ಇಲ್ಲವೇ ಇಳಿದ ಕೂಡಲೇ ಹಿಡಿಯುತ್ತದೆ. ಕೆಲವೊಮ್ಮೆ ಬ್ರೌಸರ್ರೇ ತಡೆದುಬಿಡಬಹುದು, ಹಾಗಾಗಿ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಐಕಾರ್ ಹೆಸರು ಬಿದ್ದಿದೆಯಾ ನೋಡಿ. ಫೈಲ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆರಾಮಾಗಿ ಕೂತಿದ್ದರೆ, ತೀರ್ಥಹಳ್ಳಿಯವರಿಗೆ ಹೇಳಿದ ಎಕ್ಸ್‌ಕ್ಲೂಷನ್ಸ್ ಪಟ್ಟಿ ತೆಗೆದು ನೋಡಿ. ಅಲ್ಲಿ ಏನು ಸಿಕ್ಕಿತು ಅಂತ ನನಗೂ ಬರೆಯಿರಿ.